ಬಿಳಿ ನೀರಿನ ಮನೆಗಳಿಗೆ ಹೋಗುವ ಮೀನಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಮನೋವೈದ್ಯರ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಯ ಕುರ್ಚಿಗಳೆಲ್ಲ ಖಾಲಿ. ಗೋಡೆಗೆ ಒತ್ತಿ ನಿಂತಿರುವ ದೊಡ್ಡ ಫಿಶ್ ಟ್ಯಾಂಕಿನ ಮುಂದೆ ಮಾತ್ರ ಒಬ್ಬ ಹೆಂಗಸು ರವಿಕೆಯ ತೋಳು ಮೇಲೆ ಮಡಚಿ, ಮಂಡಿಯೂರಿ ಕೂತಿದ್ದಾರೆ. ಪ್ಲಾಸ್ಟಿಕ್ ಪೈಪಿನ ಒಂದು ತುದಿ ನೀರಿನ ತಳದಲ್ಲಿದೆ, ಇನ್ನೊಂದು ತುದಿ ಆಕೆಯ ಬಾಯಲ್ಲಿ. ಒಂದೇ ಸಲ ಉಸಿರೆಳೆಯುತ್ತಾರೆ. ಕಂದು ಬಣ್ಣದ ನೀರು ಪೈಪಿನೊಳಗೆ ಸರ್ರನೆ ಏರಿ, ಬಾಗಿ, ಇಳಿಯುತ್ತದೆ. ತುಟಿಗೆ ತಾಗಲು ಇನ್ನು ಕೂದಲೆಳೆಯಷ್ಟು ಇದೆ ಎನ್ನುವಾಗ ಪೈಪಿನ ತುದಿ ಬಕೆಟ್ಟಿಗೆ ಬಂದಿರುತ್ತದೆ.

"ಮೊದಮೊದಲು ದಿನಾ ಮೀನಿನ ನೀರು ಕುಡೀತಿದ್ದೆ," ಎಂದು ನಗುತ್ತಾರೆ ಅವರು. "ಈಗ ನೀರಿಗೂ ನನಗೂ ರಾಜಿ ಆಗಿದೆ."

ಊರಿನ ಈ ಭಾಗದಲ್ಲಿ ಅವರನ್ನು ಎಲ್ಲರೂ ಕರೆಯುವುದು ಮೀನಕ್ಕ ಎಂದೇ. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅವರು ಅಕ್ಕನೇ. ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಮೀನಿನ ತೊಟ್ಟಿ ತೊಳೆದುಕೊಡುವುದು ಅವರ ಕಸುಬು. ಒಂದರೊಳಗೊಂದು ಕೂತ ಎರಡು ಬಕೆಟ್, ಸುತ್ತಿಟ್ಟ ಪೈಪು, ಹಿಡಿ ಸವೆದ ಬಲೆ, ಪಾಚಿ ಕೆರೆಯಲು ಒಂದು ಹಳೆಯ ಪ್ಲಾಸ್ಟಿಕ್ ಕಾರ್ಡು: ಅವರ ಅಂಗಡಿ ಅಂದರೆ ಇಷ್ಟೇ. ದಿನಕ್ಕೆ ನಾಲ್ಕೈದು ಮನೆ ಮುಗಿಸುತ್ತಾರೆ. ಬಸ್ಸಿನಲ್ಲಿ ಬಕೆಟ್ಟಿಗೂ ಒಂದು ಸೀಟು ಬೇಕಲ್ಲ ಎಂದು ಕಂಡಕ್ಟರ್‌ಗಳು ಕಿಚಾಯಿಸುತ್ತಾರೆ. "ನನ್ನ ಪಕ್ಕ ಕೂರೋಕೆ ಬೇರೆ ಯಾರಿದ್ದಾರಪ್ಪ, ಅದಾದ್ರೂ ಕೂತ್ಕೊಳ್ಲಿ ಬಿಡು," ಎಂದು ಇವರು ಮಾರುತ್ತರ ಕೊಡುತ್ತಾರೆ. ಬಸ್ಸಿನಲ್ಲಿದ್ದವರು ನಗುತ್ತಾರೆ. ಇವರೂ ನಗುತ್ತಾರೆ. ನಕ್ಕು ಮುಗಿದ ಮೇಲೆ ಕಿಟಕಿಯ ಕಡೆ ತಿರುಗುತ್ತಾರೆ.

ಟ್ಯಾಂಕಿಗೆ ಕೈ ಹಾಕುವ ಮೊದಲೇ ಒಳಗಿನ ಮೀನುಗಳೆಲ್ಲ ದಡಬಡ ಓಡಿ ಹಿಂದಿನ ಮೂಲೆಯಲ್ಲಿ ಗುಂಪುಗೂಡಿವೆ. ಪ್ರತಿ ಸಲವೂ ಹೀಗೇ. ರೋಗಿಗಳು ಗಾಜಿಗೆ ಬೆರಳಿಟ್ಟರೆ ಬೆರಳಿನ ಹಿಂದೆಯೇ ಬರುವ ಮೀನುಗಳು ಮೀನಕ್ಕನ ನೆರಳು ಬಿದ್ದರೆ ಸಾಕು, ಮುಖ ತಿರುಗಿಸುತ್ತವೆ. "ನಾನು ಬಂದೆ ಅಂದ್ರೆ ಮನೆ ಅಲ್ಲೋಲಕಲ್ಲೋಲ ಆಗುತ್ತೆ ಅಂತ ಅವಕ್ಕೆ ಗೊತ್ತು. ಇಷ್ಟು ಮನೆ ಮೀನುಗಳ ಜೀವ ಕಾಯ್ತೀನಿ, ಒಂದಕ್ಕಾದ್ರೂ ನನ್ನ ಕಂಡ್ರೆ ಆಗಬೇಕಲ್ಲ? ಊಹೂಂ! ನಾನು ಅವಕ್ಕೆ ಅತ್ತೆ ಇದ್ದ ಹಾಗೆ," ಎನ್ನುತ್ತಾ ತೆಗೆದ ಹಳೆಯ ನೀರಿನಲ್ಲೇ ಫಿಲ್ಟರಿನ ಸ್ಪಂಜು ಹಿಂಡುತ್ತಾರೆ. ನಲ್ಲಿ ನೀರಿನಲ್ಲಿ ತೊಳೆದರೆ ಸ್ಪಂಜು ಫಳಫಳ ಹೊಳೆಯುತ್ತದೆ, ಆದರೆ ಅದರಲ್ಲಿ ನೆಲೆಸಿ ನೀರನ್ನು ಹದದಲ್ಲಿಡುವ ಕಣ್ಣಿಗೆ ಕಾಣದ ಜೀವಗಳೆಲ್ಲ ಸಾಯುತ್ತವೆ. ಇದನ್ನು ಅವರಿಗೆ ಕಲಿಸಿದ್ದು ಗಂಡ.

ಕ್ಲಿನಿಕ್ಕಿನ ಡಾಕ್ಟರಮ್ಮ ಬೇಗ ಬರುವವರು. ತಮ್ಮ ಕೊಠಡಿಗೆ ಹೋಗುವ ಮುನ್ನ ಟ್ಯಾಂಕಿನ ಪಕ್ಕ ನಿಂತು ಟೀ ಮುಗಿಸುವುದು ಅವರ ರೂಢಿ. ಸರದಿಗಾಗಿ ಕಾಯುತ್ತಾ ಕೂತವರು ಇಲ್ಲಿ ಪರಸ್ಪರ ಮುಖ ನೋಡುವುದಿಲ್ಲ, ಮೀನು ನೋಡುತ್ತಾರೆ. ಅದಕ್ಕೆಂದೇ ಈ ಟ್ಯಾಂಕು. "ಮಾತ್ರೆ ನಿದ್ದೆ ಕೊಡಬಹುದು. ಆದ್ರೆ ಬೆಳಿಗ್ಗೆ ಎದ್ದು ಹಾಸಿಗೆ ಬಿಡೋಕೆ ಒಂದು ಕಾರಣ ಬೇಕಲ್ವಾ? ಒಬ್ಬರೇ ಇರೋರಿಗೆ ಎಷ್ಟೋ ಸಲ ಆ ಕಾರಣ ಇರಲ್ಲ. ಮನೇಲಿ ಹಸಿದಿರೋ ಒಂದು ಜೀವ ಇದ್ರೆ ಅದು ಕಾರಣ ಕೊಡುತ್ತೆ," ಎನ್ನುವ ಡಾಕ್ಟರಮ್ಮ, ಇದು ಔಷಧದ ಬದಲಿಗಲ್ಲ, ಜೊತೆಗೆ ಎಂದು ಒತ್ತಿ ಹೇಳುತ್ತಾರೆ. ನಾಯಿ ಸಾಕಲು ಆಗುವವರಿಗೆ ನಾಯಿ, ಬೆಕ್ಕಾದರೆ ಬೆಕ್ಕು. ಬಾಡಿಗೆ ಮನೆಯಲ್ಲಿ ಎರಡಕ್ಕೂ ಅಪ್ಪಣೆ ಇಲ್ಲದವರಿಗೆ, ರೋಮಕ್ಕೆ ಕೆಮ್ಮು ಬರುವವರಿಗೆ ಮೀನು. ಹಾಗೆ ಮೀನು ತಂದವರಲ್ಲಿ ಕೆಲವರಿಗೆ ಮೀನಕ್ಕನ ಫೋನ್ ನಂಬರನ್ನೂ ಕೊಡುತ್ತಾರೆ.

"ನನಗೆ ಅವರು ಹೇಳಲ್ಲ, ಯಾರಿಗೆ ಏನು ಕಾಯಿಲೆ ಅಂತ," ಎನ್ನುತ್ತಾರೆ ಮೀನಕ್ಕ. "ನಾನೂ ಕೇಳಲ್ಲ. ನೀರೇ ಹೇಳುತ್ತೆ."

ನೀರು ಹೇಳುವುದು ಹೀಗಂತೆ. ಜನ ತುಂಬಿದ ಮನೆಯ ಟ್ಯಾಂಕು ಹಸಿರಾಗಿರುತ್ತದೆ. ಗಾಜಿಗೆಲ್ಲ ಪಾಚಿ, ಮೂಲೆಯಲ್ಲಿ ಯಾರದೋ ಆಟಿಕೆ ಬಿದ್ದಿರುತ್ತದೆ. ನಿನ್ನೆ ಯಾರು ತಿಂಡಿ ಹಾಕಿದ್ದು ಎಂದರೆ ಅತ್ತಿಗೆ ನಾದಿನಿಯನ್ನು ತೋರಿಸುತ್ತಾಳೆ, ನಾದಿನಿ ಅತ್ತಿಗೆಯನ್ನು. ಒಬ್ಬರೇ ಇರುವ ಮನೆಯ ಟ್ಯಾಂಕಿನಲ್ಲಿ ಪಾಚಿ ಇರುವುದಿಲ್ಲ. ಗಾಜನ್ನು ಒಳಗೂ ಹೊರಗೂ ಒರೆಸಿ ಒರೆಸಿ ಕನ್ನಡಿ ಮಾಡಿರುತ್ತಾರೆ. ಆದರೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿರುತ್ತದೆ. ತಳದ ಬಣ್ಣದ ಕಲ್ಲುಗಳ ಸಂದಿಯಲ್ಲಿ ಮೀನು ತಿನ್ನದೆ ಬಿಟ್ಟ ಕಾಳು ಕೊಳೆಯುತ್ತಿರುತ್ತದೆ.

"ಹಸಿರು ನೀರು ಅಂದ್ರೆ ಮೀನನ್ನ ಮರೆತಿದ್ದಾರೆ ಅಂತ ಅರ್ಥ. ಬಿಳಿ ನೀರು ಅಂದ್ರೆ ಮರೆಯೋಕೇ ಆಗ್ತಿಲ್ಲ ಅಂತ. ಮೀನು ಕರೆದ್ರೆ ಬರುತ್ತಾ? ಬರಲ್ಲ. ಮಡಿಲಲ್ಲಿ ಮಲಗುತ್ತಾ? ಇಲ್ಲ. ಅದು ನಮ್ಮ ಹತ್ರ ಓಡಿ ಬರೋದು ಕಾಳು ಹಾಕೋವಾಗ ಮಾತ್ರ. ಅದಕ್ಕೆ ಹಾಕ್ತಾನೇ ಇರ್ತಾರೆ. ಈ ಊರಲ್ಲಿ ಹಸಿವಿಂದ ಸತ್ತ ಮೀನು ನಾನು ಒಂದೂ ನೋಡಿಲ್ಲ ನೋಡಿ. ಎಲ್ಲ ಅಕ್ಕರೆಯಿಂದಲೇ ಸತ್ತಿದ್ದು."

ಗಂಡ ಬದುಕಿದ್ದಾಗ ಅವರದು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಬಾಗಿಲಿನ ಮೀನಿನ ಅಂಗಡಿ ಇತ್ತು. ಸಾಕುವ ಮೀನಿನ ಅಂಗಡಿ. ಗಂಡ ಮಾರುವವರು, ಮೀನಕ್ಕ ತೊಳೆಯುವವರು. ಮಾತೆಲ್ಲ ಗಂಡನದು, ಅವರು ಗಾಜಿನ ಹಿಂದೆ. "ನಮ್ಮನೆಯವರು ಮಾತಾಡಿದ್ರೆ ಮೀನು ತಗೊಳ್ಳೋಕೆ ಬಂದೋರು ಟ್ಯಾಂಕು, ಲೈಟು, ಕಲ್ಲು, ಎಲ್ಲ ಹೊತ್ಕೊಂಡು ಹೋಗೋರು. ನಾನು ಬಾಯಿ ಬಿಟ್ರೆ ಬಂದೋರೂ ವಾಪಸ್ ಹೋಗೋರು," ಎನ್ನುತ್ತಾರೆ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವರು ಒಂದು ವಾಕ್ಯಕ್ಕಿಂತ ಹೆಚ್ಚು ಹೇಳುವುದಿಲ್ಲ.

ಗಂಡ ಹೋದದ್ದು ಇದ್ದಕ್ಕಿದ್ದಂತೆ, ಬೆಳಿಗ್ಗೆ ಷರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ. ಆ ವಾರ ಯಾರಿಗೂ ಅಂಗಡಿಯ ನೆನಪಾಗಲಿಲ್ಲ. ಓಣಿಯಲ್ಲಿ ಕರೆಂಟ್ ಹೋಗಿ ನೀರಿಗೆ ಗಾಳಿ ಊದುವ ಮೋಟಾರುಗಳು ನಿಂತದ್ದು ತಿಳಿದದ್ದು ಪಕ್ಕದ ಅಂಗಡಿಯವರಿಗೆ ವಾಸನೆ ಬಂದಾಗ. ಷಟರ್ ಎತ್ತಿದಾಗ ಕಂಡದ್ದನ್ನು ಮೀನಕ್ಕ ಹೇಳುವುದಿಲ್ಲ. ಮುಂದೆ ಮೈದುನ ಅಂಗಡಿಯನ್ನು ಬೇರೆಯವರಿಗೆ ವಹಿಸಿದರು. ಇವರಿಗೆ ಉಳಿದದ್ದು ಬಕೆಟ್ಟು, ಪೈಪು, ಗಂಡನ ಹಳೆಯ ಗಿರಾಕಿಗಳು.

ಈಗ ಅವರು ಇರುವುದು ಒಂದು ಕಟ್ಟಡದ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಒಂದು ಮಂಚ, ಒಂದು ಒಲೆ, ಕಿಟಕಿಯಲ್ಲಿ ಒಣಗಲು ಹಾಕಿದ ಬಲೆ. ಟ್ಯಾಂಕು ಇಲ್ಲ. ಗಾಜಿನ ಬೋಗುಣಿಯಲ್ಲಿ ಒಂದೇ ಒಂದು ಮೀನೂ ಇಲ್ಲ. ಯಾಕೆಂದು ಕೇಳಿದವರಿಗೆಲ್ಲ "ಮನೆಗೆ ಹೋದ ಮೇಲೂ ಬಕೆಟ್ ಹಿಡೀಬೇಕಾ?" ಎಂದು ತಮಾಷೆ ಮಾಡುತ್ತಾರೆ. ಆ ಷಟರ್ ಎತ್ತಿದ ದಿನವನ್ನು ಬಲ್ಲವರು ಕೇಳುವುದಿಲ್ಲ.

ಫೋನು ಪ್ಲಾಸ್ಟಿಕ್ ಚೀಲದೊಳಗೆ ಸದಾ ಕತ್ತಿನಲ್ಲಿ ತೂಗುತ್ತಿರುತ್ತದೆ. ಅದು ಬಡಿದುಕೊಂಡರೆ ಎಲ್ಲೋ ಒಂದು ಮೀನು ಸತ್ತಿದೆ, ಇಲ್ಲವೇ ಸಾಯುತ್ತಿದೆ ಎಂದೇ ಲೆಕ್ಕ. ಊಟ ಆಯಿತಾ ಎಂದು ಕೇಳಲು ಯಾರೂ ಮಾಡುವುದಿಲ್ಲ.

ಎರಡು ತಿಂಗಳ ಹಿಂದಿನ ಒಂದು ಬೆಳಿಗ್ಗೆ ಹಾಗೆ ಬಡಿದುಕೊಂಡಾಗ ಆ ಕಡೆ ಇದ್ದವರು ಲಿಫ್ಟ್ ಸಾರ್. ಜೀವನವಿಡೀ ಲಿಫ್ಟ್ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. "ಊರಿನವರನ್ನೆಲ್ಲ ಮೇಲೆ ಕೆಳಗೆ ಆಡಿಸಿದೆ, ನನ್ನ ಮೊಣಕಾಲಿಗೆ ಮಾತ್ರ ಮೆಟ್ಟಿಲೇ ಗತಿ," ಎಂಬುದು ಅವರು ಪ್ರತಿ ಸಲವೂ ಹೇಳುವ, ಪ್ರತಿ ಸಲವೂ ತಾವೇ ಮೊದಲು ನಗುವ ಮಾತು. ಹೆಂಡತಿ ತೀರಿಕೊಂಡ ಮೇಲೆ ಅವರು ಹಾಸಿಗೆಯಿಂದ ಏಳುವುದನ್ನೇ ಬಿಟ್ಟಿದ್ದರು. ಹಾಲಿನವನು ಬಾಗಿಲು ತಟ್ಟಿ ತಟ್ಟಿ ಸೋತು, ಕೆಳಗಿನ ಮನೆಯವರಿಗೆ ಹೇಳಿ, ಅವರು ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಇದನ್ನು ಹೇಳಿಕೊಳ್ಳಲು ತನಗೇನೂ ನಾಚಿಕೆಯಿಲ್ಲ ಎನ್ನುತ್ತಾರೆ ಅವರು. "ಲಿಫ್ಟ್ ಎರಡು ಮಹಡಿ ಮಧ್ಯೆ ನಿಂತುಬಿಡುತ್ತಲ್ಲ, ಹಾಗೆ ನಿಂತಿದ್ದೆ. ಒಳಗಿರೋನು ಗುಂಡಿ ಒತ್ತಿದ್ರೆ ಏನಾಗುತ್ತೆ? ಹೊರಗಿನವರು ಬರಬೇಕು."

ಡಾಕ್ಟರಮ್ಮ ಕೊಟ್ಟ ಮಾತ್ರೆಯ ಜೊತೆಗೆ ಬಂದದ್ದು ಒಂದು ಗೋಲ್ಡ್ ಫಿಶ್. ಕೈ ಹಿಂದೆ ಕಟ್ಟಿದವರ ಹಾಗೆ ಗಾಜಿನ ಆ ಕೊನೆಯಿಂದ ಈ ಕೊನೆಗೆ ಓಡಾಡುತ್ತದೆ, ಕೆಲಸ ಮಾತ್ರ ಒಂದೂ ಮಾಡುವುದಿಲ್ಲ ಎಂದು ಅದಕ್ಕೆ ಲಿಫ್ಟ್ ಸಾರ್ ಇಟ್ಟ ಹೆಸರು ಮ್ಯಾನೇಜರ್. ಮ್ಯಾನೇಜರ್‌ಗೆ ತಿಂಡಿ ಹಾಕಬೇಕೆಂದು ಅವರು ಬೆಳಿಗ್ಗೆ ಏಳತೊಡಗಿದರು. ಎದ್ದ ಮೇಲೆ ಹೇಗೂ ಎದ್ದಾಗಿದೆಯಲ್ಲ ಎಂದು ಹಲ್ಲುಜ್ಜಿದರು, ಟೀ ಕಾಯಿಸಿದರು, ಕಿಟಕಿ ತೆರೆದರು.

ಆ ಬೆಳಿಗ್ಗೆ ಫೋನಿನಲ್ಲಿ ಅವರು ಹಲೋ ಎಂದು ಕೂಡ ಹೇಳಲಿಲ್ಲ. "ಮೀನಕ್ಕ, ಮ್ಯಾನೇಜರ್ ತಲೆಕೆಳಗಾಗಿದ್ದಾನೆ. ಉಸಿರಾಡ್ತಿದ್ದಾನೆ, ಆದ್ರೆ ಹೊಟ್ಟೆ ಮೇಲಿದೆ. ಬೇಗ ಬಾಮ್ಮ."

ಮೀನಕ್ಕ ಇನ್ನೊಬ್ಬರ ಟ್ಯಾಂಕನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದರ್ಧಕ್ಕೆ ಸಂಜೆ ಬರುತ್ತೇನೆಂದು ಬೈಸಿಕೊಂಡು ಓಡಿದರು. ನೀರು ಹಾಲಿನ ಹಾಗಿತ್ತು. ಗೋಲ್ಡ್ ಫಿಶ್ ಮೇಲ್ಮೈಯಲ್ಲಿ ಮಗುಚಿಕೊಂಡು, ಈಜಲು ಹೋಗಿ ಹೋಗಿ ಮತ್ತೆ ಮಗುಚಿಕೊಳ್ಳುತ್ತಿತ್ತು. ಲಿಫ್ಟ್ ಸಾರ್ ಒಂದು ಕೈಯಲ್ಲಿ ಕಾಳಿನ ಡಬ್ಬಿ ಹಿಡಿದೇ ನಿಂತಿದ್ದರು. ರಾತ್ರಿಯೇ ಅದು ಒಂದು ಪಕ್ಕಕ್ಕೆ ವಾಲಿತ್ತು, ನಿಶ್ಶಕ್ತಿ ಇರಬೇಕೆಂದು ಅವರು ಇನ್ನೊಂದು ಚಿಟಿಕೆ ಹಾಕಿದ್ದರು. ಆಮೇಲೆ ಇನ್ನೊಂದು. ಬೆಳಿಗ್ಗೆ ಬ್ರೆಡ್ಡಿನ ಚೂರು.

"ದಿನಕ್ಕೆ ಎಷ್ಟು ಸಲ ಹಾಕ್ತೀರಿ ಸಾರ್?"

"ನಾನು ತಿನ್ನೋವಾಗ ಹಾಕ್ತೀನಿ. ಟೀ ಕುಡಿಯೋವಾಗ ಒಂದು ಸಲ. ವಾರ್ತೆ ಬರೋವಾಗ ಒಂದು ಸಲ."

"ಅಷ್ಟೇನಾ?"

ಲಿಫ್ಟ್ ಸಾರ್ ಕಣ್ಣು ತಪ್ಪಿಸಿದರು. "ಸುಮ್ನೆ ಆ ಕಡೆ ಹೋದಾಗಲೂ ಹಾಕ್ತೀನಿ. ಬರ್ತಾನಲ್ಲ ಓಡಿ."

ಹೊಟ್ಟೆ ಉಬ್ಬಿ ಮೀನಿಗೆ ನೀರಿನಲ್ಲಿ ಆಯ ತಪ್ಪಿದೆ, ನೀರು ಸ್ವಲ್ಪ ಬದಲಾಯಿಸಿ ಕೆಲವು ದಿನ ಏನನ್ನೂ ಹಾಕದೆ ಬಿಟ್ಟರೆ ಬದುಕಬಹುದು, ಹಾಕಿದರೆ ಬದುಕುವುದಿಲ್ಲ. ಮೀನಕ್ಕ ಇದನ್ನು ನೀರು ತೆಗೆಯುತ್ತಾ, ತಿರುಗಿ ನೋಡದೆ ಹೇಳಿದರು. ಹೇಳಿ ಅವರ ಕೈಯಿಂದ ಡಬ್ಬಿ ತೆಗೆದುಕೊಂಡು ಚೀಲಕ್ಕೆ ಹಾಕಿದರು.

"ಉಪವಾಸ ಕೆಡವಿ ಸಾಯಿಸ್ತೀಯಾ?"

"ತಿಂದು ಸಾಯ್ತಿದೆ ಸಾರ್ ಅದು."

"ಡಬ್ಬಿ ಇಲ್ದೆ ನಾನು ಹೋಗಿ ನಿಂತ್ರೆ ಅವನು ಯಾಕಮ್ಮ ಬರ್ತಾನೆ? ನನ್ನಲ್ಲಿ ಏನಿದೆ?"

ಮೀನಕ್ಕನ ಗಂಡ ಇದ್ದಿದ್ದರೆ ಏನಾದರೂ ಹೇಳಿ ನಗಿಸುತ್ತಿದ್ದರು. ಇವರಿಗೆ ತೋಚಿದ್ದು ಇಷ್ಟೇ: "ಡಬ್ಬಿ ಕಡೆ ಕೈ ಹೋದಾಗೆಲ್ಲ ನನಗೆ ಫೋನ್ ಮಾಡಿ."

ಅಂದು ಸಂಜೆಯೊಳಗೆ ಲಿಫ್ಟ್ ಸಾರ್ ಎಷ್ಟು ಸಲ ಮಾಡಿದರೆಂದರೆ, ಟೈಲರಿಂಗ್ ಅಂಗಡಿಯ ಟ್ಯಾಂಕು ತೊಳೆಯುತ್ತಿದ್ದ ಮೀನಕ್ಕನನ್ನು ನೋಡಿ ಅಲ್ಲಿನ ಹೆಂಗಸರು "ಏನಕ್ಕಾ, ಹೊಸ ಸಂಬಂಧವಾ?" ಎಂದು ಕಣ್ಣು ಹೊಡೆದರು. "ಹೂಂ, ಮ್ಯಾನೇಜರ್ ಕಡೆಯಿಂದ," ಎಂದು ಇವರು ಒದ್ದೆ ಕೈಯಲ್ಲೇ ಫೋನು ಎತ್ತಿಕೊಂಡರು.

"ಮೀನಕ್ಕ, ಸಂಬಳ ಕಟ್ ಮಾಡಿದ ಹಾಗೆ ನೋಡ್ತಿದ್ದಾನೆ."

"ನೋಡ್ಲಿ ಬಿಡಿ ಸಾರ್. ನೋಡೋಷ್ಟು ಜೀವ ಇದೆಯಲ್ಲ."

"ನಾನು ಅವನ ಎದುರು ಟೀ ಕುಡೀಬಹುದಾ? ಪಾಪ ಅನ್ಸುತ್ತೆ."

"ಅಡುಗೆಮನೇಲಿ ಕುಡೀರಿ."

"ಅಡುಗೆಮನೇಲಿ ಯಾರಿದ್ದಾರೆ?"

ಮೀನಕ್ಕ ಕೈಯಲ್ಲಿದ್ದ ಪೈಪನ್ನು ಬಕೆಟ್ಟಿಗೆ ಹಾಕಿ, "ನಾನಿದ್ದೀನಲ್ಲ, ಫೋನ್ ಹಿಡ್ಕೊಂಡೇ ಕುಡೀರಿ," ಎಂದರು. ಅವರು ಟೀ ಹೀರುವ ಸದ್ದನ್ನು ಇವರು ಕೇಳಿಸಿಕೊಂಡರು. ಹೀಗೆ ಒಬ್ಬರು ಟೀ ಕುಡಿಯುವ ಸದ್ದು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೆಂದು ಲೆಕ್ಕ ಹಾಕಹೋಗಿ ಬಿಟ್ಟರು. ರಾತ್ರಿ ಮೀನಕ್ಕ ಕೋಣೆ ಸೇರಿದ ಮೇಲೆ ಬಂದ ಕೊನೆಯ ಫೋನಿನಲ್ಲಿ ಲಿಫ್ಟ್ ಸಾರ್ ಕೇಳಿದರು: "ನಿನ್ನದು ಊಟ ಆಯ್ತಾ?"

ಆಗಿರಲಿಲ್ಲ. ಆಯಿತು ಎಂದರು. ಆಮೇಲೆ ಒಬ್ಬರಿಗೆ ಹೇಳಿಯಾಗಿದೆಯಲ್ಲ ಎಂದು ಎದ್ದು ಒಲೆ ಹಚ್ಚಿದರು.

ಮರುದಿನ ಮಧ್ಯಾಹ್ನವಾದರೂ ಫೋನು ಬಡಿದುಕೊಳ್ಳಲಿಲ್ಲ. ಮೀನಕ್ಕ ಎರಡು ಸಲ ಚೀಲದಿಂದ ತೆಗೆದು ನೋಡಿದರು. ತಾವೇ ಮಾಡಿದರು. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಮೀನು ಹೋಗಿರಬೇಕು. ಮೀನು ಹೋಗಿದ್ದರೆ ಆ ಮನುಷ್ಯ ಮತ್ತೆ ಹಾಸಿಗೆ ಹಿಡಿದಿರುತ್ತಾನೆ, ಅಥವಾ ಅದಕ್ಕಿಂತ ಕೆಟ್ಟದ್ದು. ಬಸ್ಸಿನಲ್ಲಿ ಕೂತಾಗ ಅವರ ಕಣ್ಣ ಮುಂದೆ ಬಂದದ್ದು ಮಾರುಕಟ್ಟೆಯ ಹಿಂದಿನ ಓಣಿಯ ಷಟರ್. "ಈ ಸಲವೂ ತಡವಾಗಿ ಹೋಗಬಾರದು ಅಂತ ಒಂದೇ ಒಂದು ಯೋಚನೆ," ಎನ್ನುತ್ತಾರೆ.

ಮೀನಕ್ಕ ಎರಡನೇ ಮಹಡಿ ದಾಟುವಾಗ ಲಿಫ್ಟ್ ಸಾರ್ ಮೆಟ್ಟಿಲ ಮೇಲೆ ಕೂತಿದ್ದರು. ಚಪ್ಪಲಿ ಪಕ್ಕದಲ್ಲಿತ್ತು, ಬೆವರು ಇಳಿಯುತ್ತಿತ್ತು. ಮಡಿಲಲ್ಲಿ ಅಂಗಡಿಯಿಂದ ಆಗಷ್ಟೇ ತಂದ ಹೊಸ ಕಾಳಿನ ಡಬ್ಬಿ. ಫೋನು ಮನೆಯಲ್ಲೇ ಬಿಟ್ಟು ಬಂದಿದ್ದರು. ಮೀನಕ್ಕನನ್ನು ಕಂಡದ್ದೇ ಸಿಕ್ಕಿಬಿದ್ದ ಹುಡುಗನ ಹಾಗೆ ಡಬ್ಬಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡರು.

"ತೆಗೆದಿಲ್ಲ ಕಣಮ್ಮ. ಸೀಲ್ ಹಾಗೇ ಇದೆ, ನೋಡು."

ಮೀನಕ್ಕನಿಗೆ ಸಿಟ್ಟು ಬಂತು. ಬೈಯಬೇಕೆಂದು ಬಾಯಿ ತೆರೆದರು. ಆದರೆ ಏದುಸಿರು ಬಿಡುತ್ತಿದ್ದ ಆ ಮನುಷ್ಯ ಎಷ್ಟೋ ತಿಂಗಳಿನಿಂದ ಬೀದಿಗೆ ಇಳಿದಿರಲಿಲ್ಲ ಎಂಬುದು ನೆನಪಾಗಿ, ಬಕೆಟ್ಟುಗಳನ್ನು ಕೆಳಗಿಟ್ಟು ಒಂದು ಮೆಟ್ಟಿಲು ಬಿಟ್ಟು ಕೂತರು.

"ಅವಳು ಹೋದ ಮೇಲೆ," ಎಂದರು ಲಿಫ್ಟ್ ಸಾರ್, ಗೋಡೆಗೆ ಹೇಳುವ ಹಾಗೆ, "ಬೀಗ ತೆಗೆದು ಒಳಗೆ ಹೋದ್ರೆ ಎಲ್ಲ ನಾನು ಇಟ್ಟಲ್ಲೇ ಇರೋದು. ಲೋಟ ಇಟ್ಟಲ್ಲೇ. ಕುರ್ಚಿ ಇಟ್ಟಲ್ಲೇ. ಟವೆಲ್ ಹಾಕಿದ ಹಾಗೇ. ಒಂದು ಮನೆ ಅಂದ್ಮೇಲೆ ಬಾಗಿಲು ತೆಗೆದಾಗ ಏನಾದ್ರೂ ಒಂದು ಅಲ್ಲಾಡ್ಬೇಕು ಅಲ್ವಾ? ಇವನು ಅಲ್ಲಾಡ್ತಿದ್ದ. ಇವತ್ತು ಬೆಳಿಗ್ಗೆಯಿಂದ ಅಲ್ಲಾಡ್ಲಿಲ್ಲ. ಹಸಿವು ಅನ್ಕೊಂಡೆ."

ಮೀನಕ್ಕನ ಕೋಣೆಯಲ್ಲೂ ಲೋಟ ಇಟ್ಟಲ್ಲೇ ಇರುತ್ತದೆ. ಕೈ ಚಾಚಿದರು. ಲಿಫ್ಟ್ ಸಾರ್ ಡಬ್ಬಿ ಕೊಟ್ಟರು.

ಮೇಲೆ ಹೋಗಿ ನೋಡಿದಾಗ ಮೀನು ತಳಕ್ಕೆ ಹೋಗಿ ಕಲ್ಲಿನ ಮೇಲೆ ಒರಗಿ ಕೂತಿತ್ತು. ಮೇಲಕ್ಕೆ ತೇಲುವುದು ನಿಂತಿತ್ತು. ಒಳ್ಳೆಯದೋ ಕೆಟ್ಟದ್ದೋ ಮೀನಕ್ಕನಿಗೂ ಹೇಳಲಾಗಲಿಲ್ಲ. ಕಿವಿರು ಆಡುತ್ತಿತ್ತು, ಅಷ್ಟೇ. ಮುಟ್ಟಬೇಡಿ, ಗಾಜು ತಟ್ಟಬೇಡಿ, ಲೈಟು ಆರಿಸಿ ಎಂದರು. ತಾವೂ ಲೈಟು ಆರಿದ ಆ ಕೋಣೆಯಲ್ಲಿ ಕತ್ತಲಾಗುವವರೆಗೆ ಕೂತರು. ಅಂದು ಬಾಕಿ ಉಳಿದ ಮನೆಗಳವರು ಬೈದರು, ಒಬ್ಬರು ಇನ್ನು ಬರಬೇಡಿ ಎಂದೇ ಹೇಳಿಬಿಟ್ಟರು.

ಆಮೇಲಿನ ದಿನಗಳಲ್ಲಿ ಮೀನಕ್ಕ ಸಂಜೆ ಮನೆಗೆ ಬಂದು ಮೊದಲು ಕೈ ಒರೆಸಿಕೊಳ್ಳುತ್ತಿದ್ದರು, ಫೋನು ಒದ್ದೆಯಾಗಬಾರದೆಂದು. ಮ್ಯಾನೇಜರ್ ಒಂದು ಪಕ್ಕದ ರೆಕ್ಕೆ ಆಡಿಸಿದ, ಮ್ಯಾನೇಜರ್ ಅರ್ಧ ತಿರುಗಿದ, ಮ್ಯಾನೇಜರ್ ಮಲ ವಿಸರ್ಜನೆ ಮಾಡಿದ. ಈ ಕೊನೆಯದನ್ನು ಲಿಫ್ಟ್ ಸಾರ್ ಹೇಳಿದಾಗ ಇಬ್ಬರೂ ಪರೀಕ್ಷೆ ಪಾಸಾದವರ ಹಾಗೆ ಸಂಭ್ರಮಿಸಿದರಂತೆ. "ಯಾರಾದ್ರೂ ಕೇಳಿಸ್ಕೊಂಡಿದ್ರೆ ಇಬ್ಬರಿಗೂ ತಲೆ ಕೆಟ್ಟಿದೆ ಅನ್ನೋರು," ಎಂದು ಮೀನಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಮಾತು ಮೀನಿನಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ತೀರಿಕೊಂಡ ಹೆಂಡತಿ ಲಿಫ್ಟಿನಲ್ಲಿ ಕಾಲಿಡಲು ಹೆದರುತ್ತಿದ್ದರಂತೆ, ಲಿಫ್ಟ್ ರಿಪೇರಿಯವನ ಹೆಂಡತಿಯಾಗಿ! ಮೀನಕ್ಕನೂ ಗಂಡನ ಮಾತುಗಾರಿಕೆಯನ್ನು ಅನುಕರಿಸಿ ತೋರಿಸಿದರು. ತನಗೆ ಇಷ್ಟು ಮಾತು ಬರುತ್ತದೆಂದು ತನಗೇ ಗೊತ್ತಿರಲಿಲ್ಲ ಎನ್ನುತ್ತಾರೆ.

ಒಂದು ಮುಂಜಾನೆ, ಕ್ಲಿನಿಕ್ಕಿನ ಟ್ಯಾಂಕಿನ ಮುಂದೆ ಪೈಪು ಬಾಯಲ್ಲಿರುವಾಗಲೇ ಫೋನು ಬಂತು. "ಮ್ಯಾನೇಜರ್ ಡ್ಯೂಟಿಗೆ ಹಾಜರ್! ನೆಟ್ಟಗೆ ಓಡಾಡ್ತಿದ್ದಾನೆ. ನಾನು ಸುಮ್ನೆ ಹೋಗಿ ನಿಂತೆ ಮೀನಕ್ಕ, ಕೈಯಲ್ಲಿ ಏನೂ ಇಲ್ಲ. ಬಂದ!" ಅಂದು ಮೀನಕ್ಕ ಮೀನಿನ ನೀರನ್ನು ಒಂದು ಗುಟುಕು ನುಂಗಿಬಿಟ್ಟರು.

ದಿನಕ್ಕೊಂದು ಚಿಟಿಕೆ, ಅದೂ ಬೆಳಿಗ್ಗೆ ಮಾತ್ರ ಎಂದು ಹೇಳಿ ಡಬ್ಬಿಗಳನ್ನು ಮರಳಿಸಿದರು. ಇನ್ನು ಕೈ ತಡೆಯಲು ಯಾರ ಸಹಾಯವೂ ಲಿಫ್ಟ್ ಸಾರ್‌ಗೆ ಬೇಕಾಗಲಿಲ್ಲ. ಡಾಕ್ಟರಮ್ಮ ದಿನಾ ನಡೆಯಲು ಹೋಗಿ ಎಂದಿದ್ದರು, ಹೋಗತೊಡಗಿದರು. ಫೋನು ದಿನಕ್ಕೊಂದಾಯಿತು, ವಾರಕ್ಕೊಂದಾಯಿತು, ಆಮೇಲೆ ನಿಂತಿತು.

"ಒಳ್ಳೇದೇ ಅಲ್ವಾ?" ಎನ್ನುತ್ತಾರೆ ಮೀನಕ್ಕ, ಪೈಪು ಸುತ್ತುತ್ತಾ. "ಕಾಯಿಲೆ ವಾಸಿಯಾದವರು ಆಸ್ಪತ್ರೆಗೆ ಫೋನ್ ಮಾಡಿ ಹರಟೆ ಹೊಡೀತಾರಾ?" ಆಮೇಲೆ ಪೈಪನ್ನು ಬಕೆಟ್ಟಿನೊಳಗಿಟ್ಟು, "ಕೈ ಒರೆಸ್ಕೊಳ್ಳೋ ಅಭ್ಯಾಸ ಮಾತ್ರ ಹಾಗೇ ಉಳ್ಕೊಂಡಿದೆ," ಎನ್ನುತ್ತಾರೆ.

ಇವತ್ತು ಆ ಮನೆಯ ಸರದಿ. ಕ್ಲಿನಿಕ್ಕು ಮುಗಿಸಿ, ನಡುವೆ ಎರಡು ಮನೆ ಮುಗಿಸಿ, ಮೀನಕ್ಕ ಬಕೆಟ್ಟು ಹಿಡಿದು ಮೂರು ಮಹಡಿ ಹತ್ತುತ್ತಾರೆ. ಬಾಗಿಲು ತೆಗೆದ ಲಿಫ್ಟ್ ಸಾರ್ ಆಗಲೇ ಶೂಗೆ ಲೇಸು ಕಟ್ಟುತ್ತಿದ್ದಾರೆ. ಕೆಳಗಿನ ಪಾರ್ಕಿನಲ್ಲಿ ಇಬ್ಬರು ಗೆಳೆಯರಾಗಿದ್ದಾರಂತೆ. "ಒಬ್ಬನಿಗೆ ನಾಯಿ ಇದೆ. ನಮ್ಮ ನಾಯಿ ಕೈ ಕುಲುಕುತ್ತೆ, ಪೇಪರ್ ತರುತ್ತೆ ಅಂತ ಬಡಾಯಿ. ನಾನು ಬಿಡ್ತೀನಾ? ನಮ್ಮ ಮ್ಯಾನೇಜರ್ ಸತ್ತು ಬದುಕಿದ್ದಾನೆ ಕಣಯ್ಯಾ ಅಂದೆ. ಬಾಯಿ ಮುಚ್ಕೊಂಡ." ಹೇಳುತ್ತಲೇ ಟ್ಯಾಂಕಿನ ಕಡೆ ಕೈ ತೋರಿಸುತ್ತಾರೆ. "ನೋಡಿದ್ಯಾ? ಇವತ್ತು ನಿನಗೆ ಕೆಲಸ ಇಲ್ಲ."

ನಿಜಕ್ಕೂ ಇಲ್ಲ. ಪಾಚಿಯಿಲ್ಲ, ತಳದಲ್ಲಿ ಕಾಳಿಲ್ಲ. ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿದೆ. ಬಣ್ಣದ ಕಲ್ಲುಗಳನ್ನು ಒಂದೊಂದಾಗಿ ಹೆಕ್ಕಿ ಹೇಳಬಹುದು. ಕಿಟಕಿಯ ಬೆಳಕು ಗಾಜಿನ ಮೂಲಕ ಹಾದು ಆಚೆ ಗೋಡೆಯ ಮೇಲೆ ಅಲುಗುತ್ತಿದೆ.

"ಇನ್ನು ತಿಂಗಳು ತಿಂಗಳು ಮೂರು ಮಹಡಿ ಹತ್ತೋ ಕಷ್ಟ ನಿನಗೆ ಬೇಡ," ಎನ್ನುತ್ತಾರೆ ಲಿಫ್ಟ್ ಸಾರ್, ಉಪಕಾರ ಮಾಡಿದವರ ಸಂತೋಷದಲ್ಲಿ. "ಕೊಳೆಯಾದಾಗ ನಾನೇ ಕರೀತೀನಿ."

"ಹೂಂ ಸಾರ್," ಎನ್ನುತ್ತಾರೆ ಮೀನಕ್ಕ.

"ಅವಸರ ಇಲ್ದಿದ್ರೆ ಕೂತು ಸುಧಾರಿಸ್ಕೊಂಡು ಹೋಗು. ಬಾಗಿಲು ಎಳ್ಕೊಂಡ್ರೆ ಸಾಕು, ಬೀಗ ಬೀಳುತ್ತೆ." ಗೆಳೆಯರು ಕಾಯುತ್ತಿದ್ದಾರೆ. ಒಂದು ಕೈಯಲ್ಲಿ ಕಂಬಿ ಹಿಡಿದು, ಮೊಣಕಾಲಿಗೆ ಬೈಯುತ್ತಾ, ಅವರು ಇಳಿದು ಹೋಗುತ್ತಾರೆ. ಹೆಜ್ಜೆಯ ಸದ್ದು ಒಂದೊಂದೇ ಮಹಡಿ ಕೆಳಗಾಗಿ ಬೀದಿಯ ಸದ್ದಿನಲ್ಲಿ ಸೇರಿಹೋಗುತ್ತದೆ.

ಮುಂದಿನ ಮನೆಗೆ ಹೊತ್ತಾಗಿದೆ. ಆದರೂ ಮೀನಕ್ಕ ಒಂದು ಬಕೆಟ್ಟನ್ನು ಬೋರಲು ಹಾಕಿ ಟ್ಯಾಂಕಿನ ಮುಂದೆ ಕೂರುತ್ತಾರೆ. ಅವರು ತೊಳೆದ ಯಾವ ಟ್ಯಾಂಕೂ ಅವರ ಎದುರಿನಲ್ಲಿ ಹೀಗಿರುವುದಿಲ್ಲ. ತೊಳೆದು ಮುಗಿಸಿದಾಗ ನೀರೆಲ್ಲ ಕಲಕಿ ಮೋಡ ಕವಿದಂತಿರುತ್ತದೆ. ಅದು ಇಳಿದು ತಿಳಿಯಾಗಲು ಅರ್ಧ ದಿನ ಬೇಕು. ಅಷ್ಟು ಹೊತ್ತಿಗೆ ಅವರು ಇನ್ನಾರದೋ ಮನೆಯಲ್ಲಿ ಇನ್ನೊಂದು ಮೋಡ ಎಬ್ಬಿಸುತ್ತಿರುತ್ತಾರೆ.

"ಇಷ್ಟು ವರ್ಷ ಆಯ್ತು, ನನ್ನ ಕೆಲಸ ಹೆಂಗೆ ಕಾಣುತ್ತೆ ಅಂತ ನಾನೇ ನೋಡಿರ್ಲಿಲ್ಲ," ಎನ್ನುತ್ತಾರೆ, ದನಿ ತಗ್ಗಿಸಿ. ತುಂಬ ಹೊತ್ತು ಹಾಗೇ ನೋಡುತ್ತಾರೆ. ಕಡೆಗೆ ಏಳುವಾಗ, ಬಕೆಟ್ಟನ್ನು ಬಕೆಟ್ಟಿನೊಳಗಿಟ್ಟು ಹೇಳುತ್ತಾರೆ: "ಎಲ್ಲರೂ ಕೊಳೆಯಾದಾಗ ಕರೀತಾರೆ. ಅದೇ ನನ್ನ ಕಸುಬು, ತಪ್ಪು ಅನ್ನಲ್ಲ. ನೀರು ತಿಳಿಯಾಗಿರೋವಾಗ ಒಂದ್ಸಲ, ಒಂದೇ ಒಂದ್ಸಲ ಯಾರಾದ್ರೂ 'ಬಾ ಮೀನಕ್ಕ, ನೋಡ್ಕೊಂಡು ಹೋಗು' ಅಂದ್ರೆ ಚೆನ್ನಾಗಿರುತ್ತೆ. ಬಕೆಟ್ ಬಿಟ್ಟು ಬರಿಗೈಲಿ ಬರ್ತೀನಿ."